ಅಮ್ಮನ ಸೂಜಿ

ಹೇಳಬಹುದೋ ಬಾರದೋ ಎಂದು ಬಹಳ ದಿನ ಅಳೆದೂ ಸುರಿದೂ ನೋಡಿ ಕೊನೆಗೆ ಹೇಳುತ್ತಿರುವ ಕಥೆ ಇದು. ಇನ್ನೊಬ್ಬರ ಮನೆಯ ಮಾತು. ಹೆಚ್ಚುಕಡಿಮೆಯಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಟೈಲರ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಗುಂಡಿಯಕ್ಕ ಎನ್ನುತ್ತಿದ್ದರು. ಅಂಗಿಗೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜ ಹೊಲಿಯುವುದು, ಪ್ಯಾಂಟಿನ ಅಂಚು ಮಡಚಿ ಕೈಹೊಲಿಗೆ ಹಾಕುವುದು ಅವಳ ಕೆಲಸ. ಅಂಗಿ ಹರಿದುಹೋದರೂ ಇವಳ ಗುಂಡಿ ಮಾತ್ರ ಜಪ್ಪಯ್ಯ ಅಂದರೂ ಕಿತ್ತುಬರುವುದಿಲ್ಲ ಎಂದು ಮಾಸ್ಟರು ಗಿರಾಕಿಗಳ ಮುಂದೆ ಜಂಭ ಕೊಚ್ಚುತ್ತಿದ್ದರು.

ಬಸುರಿಯಾಗಿದ್ದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಅವಳಿಗೆ ಎಚ್‌ಐವಿ ಇರುವುದು ತಿಳಿದಿತ್ತು. ಮಗಳಿಗೆ ಎರಡು ತುಂಬುವ ಮೊದಲೇ ಗಂಡ ಅದೇ ಕಾಯಿಲೆಯಲ್ಲಿ ತೀರಿಕೊಂಡ. ಪುಣ್ಯಕ್ಕೆ ಮಗುವಿಗೆ ಸೋಂಕು ತಗಲಿರಲಿಲ್ಲ. ಅವಳು ಮಾತ್ರ ಇಷ್ಟು ವರ್ಷವೂ ಒಂದು ದಿನ ತಪ್ಪದೆ ಮಾತ್ರೆ ನುಂಗುತ್ತಿದ್ದಳು. ಹದಿಮೂರರ ಮಗಳು ಕೇಳಿದಾಗಲೆಲ್ಲ ಉತ್ತರ ಒಂದೇ: ರಕ್ತ ಕಡಿಮೆ ಇದೆ.

ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡು ಮಲಗಿದರೆ ಏನೂ ಆಗುವುದಿಲ್ಲ ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿ ಹೇಳಿ ಸುಸ್ತಾಗಿದ್ದರು. ಅವಳೂ ನಂಬಿದ್ದಳು. ಆದರೆ ಸೂಜಿಯ ವಿಷಯದಲ್ಲಿ ಯಾರ ಮಾತೂ ತಲೆಗೆ ಹೋಗುತ್ತಿರಲಿಲ್ಲ. ದಿನಕ್ಕೆ ಎಷ್ಟು ಸಲ ಬೆರಳಿಗೆ ಚುಚ್ಚಿಸಿಕೊಳ್ಳುತ್ತಾಳೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಮನೆಯಲ್ಲಿ ಸೂಜಿಗಳೆಲ್ಲ ಬೀಗ ಹಾಕಿದ ಡಬ್ಬಿಯಲ್ಲಿ. ಹೊಲಿಗೆ ಕಲಿಸು ಎಂದು ಮಗಳು ಆರನೇ ವಯಸ್ಸಿನಲ್ಲಿ ಗಂಟುಬಿದ್ದಾಗ, ನಿನ್ನ ಕೈಗೆ ಆಗುವಂಥದ್ದಲ್ಲ ಬಿಡು ಎಂದುಬಿಟ್ಟಿದ್ದಳು. ಆಮೇಲೂ ಅದನ್ನೇ ಹೇಳಿದಳು. ಹೇಳಲು ಅದೇ ಸುಲಭವಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಂಗಡಿಯಿಂದ ತಂದ ಬಿಳಿ ಅಂಗಿಗಳ ಗಂಟು ಬಿಚ್ಚಿಕೊಂಡು ಕೂತಿದ್ದಳು. ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಒರೆಸಿಕೊಂಡು ಕೆಲಸ ಮುಂದುವರಿಸಿದಳು. ವಾರದ ಆಯಾಸವೆಲ್ಲ ರೆಪ್ಪೆಯ ಮೇಲೆ ಬಂದು ಕೂತಿತ್ತು. ಸೂಜಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿ, ಒಂದು ನಿಮಿಷ ಎಂದು ಗೋಡೆಗೆ ಒರಗಿದವಳಿಗೆ ಗಾಢ ನಿದ್ದೆ ಹತ್ತಿತು.

ಕಣ್ಣು ಬಿಟ್ಟಾಗ ಮಗಳ ಮಡಿಲಲ್ಲಿ ಅಂಗಿ, ಅಂಗಿಯ ಮೇಲೆ ಕೆಂಪು ಚುಕ್ಕೆ. ಅಮ್ಮನ ಕೆಲಸ ಹಗುರ ಮಾಡೋಣವೆಂದು ಅದೇ ಸೂಜಿ ತೆಗೆದುಕೊಂಡು ನಾಲ್ಕು ಗುಂಡಿ ಹಚ್ಚಿದ್ದ ಹುಡುಗಿ, ಐದನೆಯದಕ್ಕೆ ಬೆರಳು ಚುಚ್ಚಿಕೊಂಡಿದ್ದಳು.

ಗುಂಡಿಯಕ್ಕ ಮಗಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಆಮೇಲೆ ಚಪ್ಪಲಿ ಮೆಟ್ಟಿ ಎಳೆದುಕೊಂಡೇ ಹೊರಟಳು.

"ಸೂಜಿ ಚುಚ್ಚಿದ್ದಕ್ಕೆ ಆಸ್ಪತ್ರೆನಾ? ನೋಡಿದವರು ನಗ್ತಾರೆ ಅಮ್ಮ."

ತುರ್ತು ವಿಭಾಗದ ಡಾಕ್ಟರು ಮಗಳ ಬೆರಳು ನೋಡಿ ಅವಳನ್ನು ಹೊರಗೆ ಕೂರಲು ಕಳಿಸಿದರು, ತಾಯಿಯ ಫೈಲು ತಿರುವಿದರು. ತಾಯಿಯ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿದೆ, ಹೆದರಬೇಕಾದದ್ದೇನೂ ಇಲ್ಲ, ಔಷಧಿಯೂ ಬೇಡ ಎಂದರು. ಆದರೂ ಅವಳ ಮುಖ ನೋಡಿ, ನೆಮ್ಮದಿಗೆಂದು ಬೇಕಿದ್ದರೆ ಕೆಲವು ವಾರ ಬಿಟ್ಟು ಮಗಳಿಗೊಂದು ಪರೀಕ್ಷೆ ಮಾಡೋಣ ಎಂದರು. ಅವರು ಅತ್ತ ಹೋದ ಮೇಲೆ ಪರಿಚಯದ ಸಿಸ್ಟರ್ ದನಿ ತಗ್ಗಿಸಿದರು.

"ಪರೀಕ್ಷೆ ಮಾಡೋದಾದ್ರೆ ಯಾಕೆ ಅಂತ ಅವಳಿಗೆ ಹೇಳಬೇಕು. ನೀವು ಹೇಳ್ತೀರಾ, ನಾನು ಹೇಳ್ಲಾ?"

ಹೊರಗೆ ಬೆಂಚಿನ ಮೇಲೆ ಮಗಳು ಬೆರಳಿಗೆ ಹತ್ತಿ ಸುತ್ತಿಕೊಂಡು ಕೂತಿದ್ದಳು. ಈ ಮಾತನ್ನು ಹೇಗೆ ಹೇಳಬೇಕೆಂದು ಗುಂಡಿಯಕ್ಕ ವರ್ಷಗಟ್ಟಲೆ ಮನಸ್ಸಿನಲ್ಲೇ ಉರುಹೊಡೆದಿದ್ದಳು. ಈಗ ಒಂದೂ ನೆನಪಾಗಲಿಲ್ಲ. ಇನ್ನೊಂದು ಸುಳ್ಳು ಹೆಣೆಯಲೂ ತ್ರಾಣವಿರಲಿಲ್ಲ. ಪಕ್ಕದಲ್ಲಿ ಕೂತು ಕಾಯಿಲೆಯ ಹೆಸರು, ಅಪ್ಪ ಸತ್ತದ್ದು, ಮಾತ್ರೆ, ಸೂಜಿ ಎಲ್ಲವನ್ನೂ ದಿನಸಿ ಪಟ್ಟಿ ಓದುವವಳ ಹಾಗೆ ಹೇಳಿ ಮುಗಿಸಿದಳು.

ಮಗಳು ಬೆರಳಿನ ಹತ್ತಿಯನ್ನು ಒತ್ತಿಕೊಂಡಳು. ಮಾತ್ರೆ ತಪ್ಪದೆ ನುಂಗಿದರೆ ಅಮ್ಮನಿಗೆ ಏನೂ ಆಗುವುದಿಲ್ಲವಾ ಎಂದು ಕೇಳಿದಳು. ಸಿಸ್ಟರ್ ಹಾಗೇ ಹೇಳುತ್ತಾರೆ ಎಂದಳು ತಾಯಿ.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತು ಅನ್ನು."

"ಏನೇ?"

"ನಿನ್ನ ಕೈಗೆ ಆಗಲ್ಲ ಅಂತಿದ್ದೆಯಲ್ಲ. ನಾನು ನಿಜ ಅಂದ್ಕೊಂಡಿದ್ದೆ."

ಗುಂಡಿಯಕ್ಕ ಬೆಂಚಿನಿಂದ ಎದ್ದಳು. ಇಬ್ಬರೂ ಮನೆಗೆ ನಡೆದರು.

ತಣ್ಣೀರಿನಲ್ಲಿ ಉಜ್ಜಿದಾಗ ಅಂಗಿಯ ಕಲೆ ಹೋಯಿತು. ಮಗಳು ಹಚ್ಚಿದ ಗುಂಡಿಗಳನ್ನು ಅವಳು ಒಂದೊಂದಾಗಿ ಎಳೆದು ನೋಡಿದಳು. ಮೂರು ಗಟ್ಟಿಯಾಗಿದ್ದವು. ಒಂದು ಕಾಜಕ್ಕೆ ಸರಿಹೊಂದದೆ ಅರ್ಧ ಬೆರಳು ಕೆಳಗಿತ್ತು. ಅದರ ದಾರ ಕತ್ತರಿಸಿ, ಹೊಸ ಪೊಟ್ಟಣ ಒಡೆದು ಒಂದು ಸೂಜಿ ತೆಗೆದು ಮಗಳ ಕೈಗಿಟ್ಟಳು.

"ಇದು ನಿಂದು. ನಂದು ಮುಟ್ಟಬೇಡ. ಕಾಜಕ್ಕೆ ಸರಿಯಾಗಿ ಗುರುತು ಹಾಕ್ಕೊಂಡು ಆಮೇಲೆ ಚುಚ್ಚು."

ಮಗಳು ಒಂದೇ ಸಲಕ್ಕೆ ದಾರ ಪೋಣಿಸಿದಳು. ಆಮೇಲೆ ಅಂಗಿ ಎತ್ತಿಕೊಂಡು, ಅಮ್ಮನ ಪಕ್ಕದಿಂದ ಎದ್ದು ಕಿಟಕಿಯ ಬಳಿ ಹೋಗಿ ಕೂತಳು.

ಕೆಲವು ವಾರದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ, ಡಾಕ್ಟರು ಹೇಳಿದ ಹಾಗೆ, ಏನೂ ಇರಲಿಲ್ಲ. ಆದರೆ ಆ ಸಂಜೆ ಹುಡುಗಿ ಎದ್ದು ಹೋದದ್ದು ಬೆಳಕಿಗೋ, ಬೇರೆ ಯಾವುದಕ್ಕೋ? ತಾಯಿ ಕೇಳಲಿಲ್ಲ. ನನಗೂ ಗೊತ್ತಿಲ್ಲ.