ಗೊಲ್ಲಪ್ಪನ ಬಸ್ಸಿನ ಆಟ

೧೯೭೬ರ ಸುಮಾರಿಗೆ ಭೀಮಸಮುದ್ರದಿಂದ ಚಿತ್ರದುರ್ಗಕ್ಕೆ ಹೋಗುತ್ತಿದ್ದ ಬೆಳಗಿನ ಬಸ್ಸಿನಲ್ಲಿ ಒಂದು ಆಟ ನಡೆಯುತ್ತಿತ್ತು. ಹುಟ್ಟುಹಾಕಿದವನು ಕಂಡಕ್ಟರ್ ಗೊಲ್ಲಪ್ಪ. ಟಿಕೆಟ್ಟಿನ ನಂಬರಿನ ಅಂಕಿಗಳನ್ನೆಲ್ಲ ಕೂಡಿಸಬೇಕು. ಯಾರದು ಹೆಚ್ಚು ಬರುತ್ತದೋ ಅವರು ಒಂದು ಒಗಟು ಹೇಳಬೇಕು. ದುರ್ಗ ಮುಟ್ಟುವುದರೊಳಗೆ ಉಳಿದವರು ಬಿಡಿಸಬೇಕು.

ದುರ್ಗದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದ ಕಮಲಮ್ಮನಿಗೆ ಮೊದಮೊದಲು ಇದು ಹುಡುಗಾಟಿಕೆ ಅನ್ನಿಸಿತ್ತು. ಅಡಿಕೆ ವ್ಯಾಪಾರದ ಮುರುಗೇಶಪ್ಪನಂಥ ಗಂಭೀರ ಮನುಷ್ಯರೂ ಬೆರಳು ಮಡಿಸಿ ಎಣಿಸುವುದನ್ನು ಕಂಡು ಒಂದು ದಿನ ಕೇಳಿಯೇಬಿಟ್ಟಳು: “ಗೆದ್ದೋರಿಗೆ ಏನು ಕೊಡ್ತೀರಿ, ಗೊಲ್ಲಪ್ಪ?”

“ಏನೂ ಇಲ್ಲಮ್ಮ. ಸೋತೋರ ಹತ್ರ ಕಿತ್ಕಳಾದೂ ಇಲ್ಲ. ಅದ್ಕೇ ಎಲ್ರೂ ಆಡ್ತಾರೆ.”

ವಾರ ಕಳೆಯುವುದರೊಳಗೆ ಕಮಲಮ್ಮನೂ ಸೀಟಿನಲ್ಲಿ ಕೂರುವ ಮೊದಲೇ ಅಂಕಿ ಕೂಡಿಸತೊಡಗಿದ್ದಳು.

ಆ ಮಾಗಿಯಲ್ಲಿ ಅವಳ ತಾಯಿ ತೀರಿಕೊಂಡಳು. ಹದಿನೈದು ದಿನದ ರಜೆ ಮುಗಿಸಿ ಬಸ್ಸು ಹತ್ತಿದಾಗ ಮಾತೆಲ್ಲ ತಟ್ಟನೆ ನಿಂತಿತು. ಬೆಣ್ಣೆ ಮಾರುವ ದುರುಗಕ್ಕ ಸರಿದು ಜಾಗ ಕೊಟ್ಟಳು. ಯಾರೂ ನಂಬರು ಕೇಳಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ತನ್ನಿಂದಾಗಿ ಇಡೀ ಬಸ್ಸಿಗೇ ಸೂತಕ ತಗುಲಿತಲ್ಲ ಎಂದು ಅವಳಿಗೆ ಸಂಕಟವಾಯಿತು.

ನಾಲ್ಕನೆಯ ದಿನ ಗೊಲ್ಲಪ್ಪ ಟಿಕೆಟ್ ಹರಿದು ಕೊಟ್ಟವನು ಅಲ್ಲೇ ನಿಂತ. “ಎಷ್ಟು ಬಂತಮ್ಮ ನಿಮ್ದು?”

“ಲೇ ಗೊಲ್ಲಪ್ಪ, ಸುಮ್ನಿರೋ” ಎಂದು ದುರುಗಕ್ಕ ಗದರಿದಳು.

ಕಮಲಮ್ಮ ಟಿಕೆಟ್ ನೋಡಿದಳು. ಅಂಕಿಗಳು ಮಂಜಾದವು. ಕಣ್ಣೊರೆಸಿಕೊಂಡು ಕೂಡಿಸಿದಳು. “ಮೂವತ್ತೊಂದು.”

“ಅದ್ರ ಮ್ಯಾಲೆ ಯಾರ್ದಾರ ಐತೇನ್ರಿ?”

ಮುರುಗೇಶಪ್ಪ ತಮ್ಮ ಟಿಕೆಟ್ಟನ್ನು ಮಡಿಸಿ ಜೇಬಿಗಿಟ್ಟರು. ಅವರದು ಮೂವತ್ತೆರಡಿತ್ತೆಂದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

“ನಮ್ಮವ್ವ ಹೇಳ್ತಿದ್ದ ಒಗಟು” ಎಂದಳು ಕಮಲಮ್ಮ. “ಮೂವರು ಅಕ್ಕತಂಗೇರು. ನಡುವೆ ಬೆಂಕಿ ಹತ್ತಿದ್ರೂ ಎದ್ದು ಹೋಗಲ್ಲ, ತಲೆ ಮ್ಯಾಲಿನ ಹೊರೆ ಇಳಿಸಲ್ಲ. ಯಾರು?”

“ನಮ್ಮನೆ ಸೊಸೇರು!” ಅಂದರು ಮುರುಗೇಶಪ್ಪ.

“ನಿಮ್ಮನ್ಯಾಗೆ ಇರೋರು ಇಬ್ರೇ ಅಲ್ಲೇನ್ರಿ?” ಎಂದ ಗೊಲ್ಲಪ್ಪ. ಬಸ್ಸು ಗೊಳ್ಳೆಂದಿತು.

ದುರ್ಗ ಬಂದರೂ ಯಾರಿಗೂ ಬಿಡಿಸಲಾಗಲಿಲ್ಲ. “ಒಲೆಗುಂಡು” ಎಂದಳು ಕಮಲಮ್ಮ.

“ಅಯ್ಯೋ ಶಿವನೇ! ದಿನಾ ಅದ್ರ ಮುಂದೇನೆ ಕುಂತು ಊದ್ತೀನಲ್ಲೇ!” ಎಂದು ದುರುಗಕ್ಕ ಹಣೆ ಚಚ್ಚಿಕೊಂಡಳು. ಕಮಲಮ್ಮನಿಗೆ ನಗು ತಡೆಯಲಾಗಲಿಲ್ಲ. ಅವ್ವ ಹೋದ ಮೇಲೆ ಅದೇ ಮೊದಲು.

ಮುಂದೆ ಗೊಲ್ಲಪ್ಪ ಹಿರಿಯೂರಿನ ಬಸ್ಸಿಗೆ ಹೋದ. ಹೊಸಬನಿಗೆ ಇದೆಲ್ಲ ಒಗ್ಗದೆ ಆಟ ನಿಂತುಹೋಯಿತು. ಆ ದಿನಗಳು ನೆನಪಾದಾಗಲೆಲ್ಲ, ಬೆಣ್ಣೆ ಗಡಿಗೆ, ಅಡಿಕೆ ಮೂಟೆಗಳ ನಡುವೆ ಕೂತು ಅವ್ವನ ಮಾತಿಗೆ ತಲೆ ಕೆರೆದುಕೊಳ್ಳುತ್ತಿದ್ದ ಆ ಮುಖಗಳು ಕಮಲಮ್ಮನ ಕಣ್ಣ ಮುಂದೆ ಬರುತ್ತಿದ್ದವು.