ಹಟ್ಟಿ ಹೊರಗಿನ ಹದಿಮೂರನೇ ದಿನ

"ಕೈ ಚಾಚ್ಬ್ಯಾಡ ಮುಂಡೆ! ತಟ್ಟೆ ಅಲ್ಲೇ ಇಕ್ಕಿ ದೂರ ಸರಿ."

ಹನುಮಕ್ಕ ಕಡ್ಲೇಬಳ್ಳಿಯಿಂದ ಕಾಯಿ ಕೀಳುವುದನ್ನು ಬಿಟ್ಟು ಹೊಂಗೆ ಮರದ ಬುಡಕ್ಕೆ ಸರಿದಳು. ಅತ್ತೆ ಭೀಮಕ್ಕ ಮುದ್ದೆಯನ್ನು ಮೇಲಿನಿಂದಲೇ ತಟ್ಟೆಗೆ ಎಸೆದಳು. ಸೊಸೆ ಕಿತ್ತ ಕಾಯಿಯ ಚೀಲಕ್ಕೆ ನೀರು ಚಿಮುಕಿಸಿ ಸೊಂಟಕ್ಕೇರಿಸಿಕೊಂಡಳು.

"ಮೂರು ದಿನಕ್ಕೆ ಮುಗಿಯೋದು ಹದಿಮೂರಾತು. ಆ ರಕ್ತದ ಮಾತ್ರೆ ನುಂಗಿ ನುಂಗಿ ತುಂಬಿ ಸೋರ್ತಾ ಐತೆ ನಿಂಗೆ. ಪೂರ್ತಿ ನಿಲ್ಲಗಂಟ ಹಟ್ಟಿ ಒಳೀಕೆ ಕಾಲಿಕ್ಕಂಗಿಲ್ಲ ಅಂದವ್ನೆ ಪೂಜಾರಿ ಕದಿರಯ್ಯ."

ಅವು ರಕ್ತದ ಮಾತ್ರೆಗಳೆಂದು ಹೇಳಿದವಳು ಹನುಮಕ್ಕನೇ. ಟೀಬಿ ಎಂದಿದ್ದರೆ ಗತಿ ಏನೆಂದು ಗೊತ್ತಿತ್ತು. ಓರಗಿತ್ತಿಯನ್ನು ಇದೇ ಕೆಮ್ಮಿಗೆ ತವರಿಗಟ್ಟಿ, ಮಗುವನ್ನು ಇಲ್ಲೇ ಇಟ್ಟುಕೊಂಡಿದ್ದರು. ಆ ಮಾತ್ರೆಗೆ ಉಚ್ಚೆ ಕೆಂಪಾಗುತ್ತದೆ. ಎರಡು ತಿಂಗಳು ಚೊಂಬು ಚೊಂಬು ನೀರು ಸುರಿದು ಮರೆಮಾಡಿದ್ದಳು. ಮುಟ್ಟು ಕಳೆದು, ಮಿಂದು ಒಳಗೆ ಬಂದ ದಿನವೇ ಬಚ್ಚಲ ಕಲ್ಲಿನ ಮೇಲಿನ ಕೆಂಪು ಅತ್ತೆಯ ಕಣ್ಣಿಗೆ ಬಿತ್ತು. ಮೈಲಿಗೆ ಇಟ್ಟುಕೊಂಡೇ ದೇವರ ಮನೆ ಹಾದಳೆಂದು ಹಟ್ಟಿಯೆಲ್ಲ ಉಗಿದು ಮತ್ತೆ ಹೊರಗಟ್ಟಿತು. ನಾಲ್ಕು ದಿನದಿಂದ ಮಾತ್ರೆ ಬಿಟ್ಟಿದ್ದಳು. ಈಗ ಉಚ್ಚೆ ತಿಳಿಯಾಗಿತ್ತು.

ಅತ್ತೆ ಮರೆಯಾದ ಮೇಲೆ ಮಿಡಿಗೇಶಿ ಕಡೆಯಿಂದ ಆಸ್ಪತ್ರೆಯ ರಂಗೇಶ್ ಬೈಕಿನಲ್ಲಿ ಬಂದು ಅವಳ ಮಾತ್ರೆಯ ಹಾಳೆ ನೋಡಿದ.

"ನಾಕು ದಿನದ್ದು ಹಂಗೇ ಕುಂತವಲ್ಲಮ್ಮ! ಬಿಟ್ಟಿ ಕೊಡ್ತಾರೆ ಅಂತ ಸಸಾರಾನಾ? ಬುಟ್ಟು ಬುಟ್ಟು ನುಂಗಿದ್ರೆ ಕಾಯ್ಲೆ ಬಲೀತದೆ. ಆಮ್ಯಾಕೆ ಯಾವ ಮಾತ್ರೇನೂ ನಾಟಾಕಿಲ್ಲ, ಸಾಯ್ತೀಯ. ಇನ್ನೂ ನಾಕು ತಿಂಗಳೈತೆ. ಯಾಕ್ ಬುಟ್ಟೆ, ಹೇಳು?"

ತಮ್ಮನ ವಯಸ್ಸಿನ ಗಂಡಸು. ಬಚ್ಚಲ ಕಲ್ಲಿನ ಮಾತು ಇವನೆದುರು ಬಾಯಿಗೆ ಬರಲಿಲ್ಲ.

"ಮರ್ತೋಯ್ತಣ್ಣ."

"ಉಣ್ಣೋದು ಮರೀತೀಯಾ?" ಅವನು ಪುಸ್ತಕ ತೆಗೆದು 'ರೋಗಿಯ ನಿರ್ಲಕ್ಷ್ಯ' ಎಂದು ಬರೆದುಕೊಂಡು ಹೋದ.

ಹೊತ್ತು ಇಳಿಯುವಾಗ ಭೀಮಕ್ಕ ಮೊಮ್ಮಗಳನ್ನು ಕರೆದುಕೊಂಡು ಮುಳ್ಳುಬೇಲಿಯ ಹತ್ತಿರ ಬಂದಳು.

"ನಿಂತದೇನೇ? ನಿಂತಿದ್ರೆ ನಾಳೀಕೆ ಮಿಂದು ಒಳೀಕ್ ಬಾ. ಇವ್ಳು ಅವ್ವ ಅವ್ವ ಅಂತ ನನ್ ಜೀವ ತಿಂತಾವ್ಳೆ."

ಮಗಳು ಓಡಿಬರಲು ನೋಡಿದಳು. ಅಜ್ಜಿ ಜಡೆ ಹಿಡಿದೆಳೆದಳು. "ಮುಟ್ಟುಗಿಟ್ಟೀಯೆ, ಮಾರಿ!"

ಹನುಮಕ್ಕ ಮಗಳ ಮುಖ ನೋಡಿದಳು. ಮಡಿಲೊಳಗಿನ ಮಾತ್ರೆಯ ಹಾಳೆಯನ್ನು ಬೆರಳಿನಿಂದ ಒತ್ತಿ ಹಿಡಿದಳು.

"ಇಲ್ಲ ಕಣತ್ತೆ. ಇನ್ನೂ ನಿಂತಿಲ್ಲ."

ಮಾತ್ರೆ ಮುಗಿಯುವ ತನಕ, ಇನ್ನು ನಾಲ್ಕು ತಿಂಗಳು, ಅದು ನಿಲ್ಲುವುದಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.