ತಂಗಿಯ ಚರ್ಮದ ಚೂರು

ಅಕ್ಕನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅವಳ ಲ್ಯಾಬಿನಲ್ಲಿ ಓದುತ್ತಿದ್ದವರಿಗೆಲ್ಲ ಇದು ಗೊತ್ತಿತ್ತು. ಮೇಡಂ ಮೆತ್ತಗೆ ಮಾತಾಡತೊಡಗಿದರೆ ಸಾಕು, ಎಲ್ಲರೂ ಮೈಯೆಲ್ಲ ಕಣ್ಣಾಗಿ ತಮ್ಮ ತಮ್ಮ ಕೆಲಸದ ಮೇಲೆ ಬಗ್ಗಿಬಿಡುತ್ತಿದ್ದರು. ಆ ಬೆಳಗ್ಗೆ ಅವಳು ಸಂಸ್ಥೆಯ ನಿರ್ದೇಶಕನ ಕೋಣೆಗೆ ನುಗ್ಗಿ, ಕುರ್ಚಿ ತೋರಿಸಿದರೂ ಕೂರದೆ, ಪಿಸುಮಾತಿಗಿಂತ ಕೂದಲೆಳೆಯಷ್ಟು ಮೇಲಿನ ದನಿಯಲ್ಲಿ ಕೇಳಿದಳು:

"ನನ್ನ ತಂಗಿ ವಿಡಿಯೋ ಹಾಕಿ ಅಂತ ನಿಮಗೆ ಯಾರು ಹೇಳಿದ್ರು?"

ಅಕ್ಕನ ದುಡಿಮೆಯೆಲ್ಲ ಒಂದೇ ಒಂದು ಕಿಣ್ವದ ಮೇಲೆ. ಕೊಬ್ಬು ಅಂದರೆ ಸೊಂಟದ ಸುತ್ತ ಬಂದು ಕೂರುವುದು ಎಂದಷ್ಟೇ ತಿಳಿದವರಿಗೆ ಅವಳು ಬಿಡಿಸಿ ಹೇಳುತ್ತಿದ್ದಳು: ಕೊಬ್ಬು ಸುದ್ದಿಯನ್ನೂ ಒಯ್ಯುತ್ತದೆ. ಜೀವಕೋಶದ ಪೊರೆಯಿಂದ ಕೊಬ್ಬಿನ ತುಣುಕೊಂದು ಕಳಚಿಕೊಂಡು ಪಕ್ಕದ ಕೋಶಕ್ಕೆ ಹೋಗಿ ಎಚ್ಚರಿಕೆ ಕೊಡುತ್ತದೆ. ಸುದ್ದಿ ಮುಟ್ಟಿದ ಮೇಲೆ ಆ ತುಣುಕನ್ನು ಕತ್ತರಿಸಿ ಬಾಯಿ ಮುಚ್ಚಿಸುವುದು ಅವಳ ಕಿಣ್ವದ ಕೆಲಸ. ಕಿಣ್ವ ಕೆಟ್ಟರೆ ತುಣುಕುಗಳು ರಾಶಿ ಬೀಳುತ್ತವೆ, ಮಿದುಳಿನ ಕಾವಲು ಕೋಶಗಳು ಕಾರಣವಿಲ್ಲದೆ ಕೆರಳಿಕೊಂಡೇ ಇರುತ್ತವೆ, ನರಗಳು ಸವೆಯುತ್ತವೆ. ಈ ಕಿಣ್ವವಿಲ್ಲದ ಇಲಿಗಳನ್ನು ಅವಳು ಸಾಕಿದ್ದಳು. ಮರಿಯಾಗಿದ್ದಾಗ ಚೂಟಿಯಾಗಿದ್ದವು ವಯಸ್ಸಾದಂತೆ ಚಪ್ಪಾಳೆಗೆ ಬೆಚ್ಚುವುದನ್ನು ಬಿಡುತ್ತಿದ್ದವು. ಸಣ್ಣ ಪಟ್ಟಿಯ ಮೇಲೆ ನಡೆಸಿದರೆ ಹಿಂಗಾಲು ಜಾರುತ್ತಿತ್ತು.

ತಂಗಿ ಒಂದು ಶಾಲೆಯಲ್ಲಿ ಆಟದ ಟೀಚರು. ಮಕ್ಕಳು ಅವಳಿಗೆ ಸೀಟಿ ಮಿಸ್ ಎಂದು ಹೆಸರಿಟ್ಟಿದ್ದರು. ಒಂದು ರಜೆಯಲ್ಲಿ ಅಕ್ಕನ ಮನೆಗೆ ಬಂದವಳು ಮಹಡಿಯಿಂದ ಇಳಿಯುತ್ತಿದ್ದಳು. ಒಂದು ಕೈ ಗೋಡೆಯ ಮೇಲೆ, ಕಾಲುಗಳು ಅಗಲಕ್ಕೆ, ನೆಲ ಇದೆಯೋ ಇಲ್ಲವೋ ಎಂದು ಅನುಮಾನಿಸುವಂತೆ ಒಂದೊಂದೇ ಹೆಜ್ಜೆ. ಕೆಳಗಿನಿಂದ ಅಕ್ಕ ಕರೆದಳು. ತಂಗಿ ತಿರುಗಲಿಲ್ಲ. ಮತ್ತೆ ಕರೆದಳು. ಆಗಲೂ ಇಲ್ಲ. ಆ ನಡಿಗೆಯನ್ನು ಅವಳು ಲೆಕ್ಕವಿಲ್ಲದಷ್ಟು ಸಲ ನೋಡಿದ್ದಳು, ಪಂಜರದಲ್ಲಿ.

ರಕ್ತಪರೀಕ್ಷೆ ಅದನ್ನೇ ಹೇಳಿತು. ಆ ಕಿಣ್ವದ ಜೀನು ತಂಗಿಗೆ ಅಪ್ಪನಿಂದ ಬಂದದ್ದೂ ಕೆಟ್ಟದ್ದು, ಅಮ್ಮನಿಂದ ಬಂದದ್ದೂ ಕೆಟ್ಟದ್ದು. ಅಕ್ಕನ ಪಾಲಿಗೆ ಒಂದು ಒಳ್ಳೆಯದು ಬಂದಿತ್ತು. ನೆಟ್ಟಗೆ ನಡೆಯಲು ಅಷ್ಟು ಸಾಕಾಗಿತ್ತು. ಅಂಥ ರೋಗಿಯ ಜೀವಕೋಶ ಸಿಗುವುದೇ ಅಪರೂಪ. ಅಕ್ಕ ತಂಗಿಯನ್ನು ತನ್ನ ಸಂಸ್ಥೆಯದೇ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ತೋಳಿನ ಒಳಬದಿಯಿಂದ ಕಾಳಿನಷ್ಟು ಚರ್ಮ ತೆಗೆದರು, ನಡಿಗೆಯ ವಿಡಿಯೋ ಮಾಡಿಕೊಂಡರು. "ಎಲ್ಲಿ ಸಹಿ ಹಾಕ್ಬೇಕು ಹೇಳು, ಓದೋದೆಲ್ಲ ನಿನ್ನ ಕೆಲಸ," ಎಂದು ತಂಗಿ ನಗುತ್ತಾ ಸಹಿ ಹಾಕಿದಳು. ಆ ಚರ್ಮದ ಚೂರಿನಿಂದ ಲ್ಯಾಬಿನಲ್ಲಿ ಜೀವಕೋಶಗಳು ಬೆಳೆದವು. ಅವುಗಳಿಂದ ನರಕೋಶಗಳನ್ನೂ ಬೆಳೆಸಿದರು.

ಅಷ್ಟರಲ್ಲಿ ಸಂಸ್ಥೆಯ ಸಾಧನೆಯನ್ನು ಜನರಿಗೆ ತಿಳಿಸಲು ನಿರ್ದೇಶಕ ಒಂದು ಕಿರುಚಿತ್ರ ಮಾಡಿಸಿ ಇಂಟರ್‌ನೆಟ್ಟಿಗೆ ಹಾಕಿಸಿದ. ಅದರಲ್ಲಿ ಪರದೆಯ ಎಡಭಾಗದಲ್ಲಿ ಪಟ್ಟಿಯ ಮೇಲೆ ಜಾರುತ್ತಾ ನಡೆಯುವ ಇಲಿ. ಬಲಭಾಗದಲ್ಲಿ ತಂಗಿ. ಹಿಂದೆ ಮೆಲುವಾದ ಸಂಗೀತ.

ತಂಗಿಯ ಶಾಲೆಯಲ್ಲಿ ಯಾರೋ ಅದನ್ನು ನೋಡಿದರು. ಒಬ್ಬರು ನೋಡಿದ ಮೇಲೆ ಎಲ್ಲರೂ ನೋಡಿದರು. ಮಕ್ಕಳು ಮೈದಾನದಲ್ಲಿ ಹಾಗೆಯೇ ನಡೆದು ತೋರಿಸತೊಡಗಿದರು. ಸೀಟಿ ಮಿಸ್ ಇದ್ದವಳು ಇಲಿ ಮಿಸ್ ಆದಳು. ಮುಖ್ಯೋಪಾಧ್ಯಾಯಿನಿ ಕರೆದು, "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ, ಸ್ವಲ್ಪ ದಿನ ಮನೇಲಿರಿ," ಎಂದು ಕಳಿಸಿಕೊಟ್ಟಳು.

"ಮುಖ ಮಸುಕು ಮಾಡಿದ್ದೀವಲ್ಲ ಮೇಡಂ," ಎಂದ ನಿರ್ದೇಶಕ. "ಯಾರಿಗೂ ಗೊತ್ತಾಗಲ್ಲ."

"ನಡಿಗೆ ಮಸುಕು ಮಾಡಿದ್ರಾ?"

"ನೋಡಿ, ಬರೀ ಇಲಿ ತೋರಿಸಿದ್ರೆ ಯಾರ ಮನಸ್ಸೂ ಕರಗಲ್ಲ. ನಿಮ್ಮ ಕೆಲಸಕ್ಕೇ ಒಳ್ಳೇದಾಗ್ಲಿ ಅಂತ ಮಾಡಿದ್ದು. ಅವರೂ ಸಹಿ ಹಾಕಿದ್ದಾರಲ್ಲ."

"ಸಂಶೋಧನೆಗೆ ಹಾಕಿದ್ದು. ನಿಮ್ಮ ಪ್ರದರ್ಶನಕ್ಕಲ್ಲ. ಅದನ್ನ ಈಗಲೇ ತೆಗೆಸಿ. ಆಮೇಲೆ ಅವಳ ಮನೆಗೆ ಹೋಗಿ ತಪ್ಪಾಯ್ತು ಅಂತ ಕೇಳಿ."

"ತೆಗೆಸ್ತೀನಿ ಬಿಡಿ. ಮನೆಗೆ ಹೋಗೋದೆಲ್ಲ ಯಾಕೆ? ಅಷ್ಟು ದೊಡ್ಡದು ಮಾಡೋ ವಿಷಯಾನಾ ಇದು?"

ಅಕ್ಕ ಹಲ್ಲು ಕಚ್ಚಿಕೊಂಡು ಹೊರಟಳು. ಅಲ್ಲಿಂದ ನೇರ ತಂಗಿಯ ಮನೆಗೆ. ಬಾಗಿಲು ತೆಗೆದ ತಂಗಿಯ ಗಂಡ, "ಒಳಗಿದ್ದಾಳೆ ಅಕ್ಕಾ. ಸ್ವಲ್ಪ ಹುಷಾರಾಗಿ ಮಾತಾಡಿ, ಕೆಂಡ ಆಗಿದ್ದಾಳೆ," ಎಂದು ತಾನು ಮೆಲ್ಲನೆ ಹಿತ್ತಲಿಗೆ ಜಾರಿಕೊಂಡ.

"ಬಾರಮ್ಮಾ ವಿಜ್ಞಾನಿ," ಎಂದಳು ತಂಗಿ. "ಇಲಿ ಕಡಿಮೆ ಬಿದ್ವಾ?"

ಅಕ್ಕ ತಗ್ಗಿದ ದನಿಯಲ್ಲಿ ನಿರ್ದೇಶಕನನ್ನು ಬಿಡುವುದಿಲ್ಲ ಎಂದೇನೋ ಹೇಳತೊಡಗಿದಳು.

"ಜೋರಾಗಿ ಹೇಳೇ! ಸಿಟ್ಟು ಬಂದಾಗ ನೀನು ಆಡೋದು ಒಂದಕ್ಷರ ಕೇಳಿಸಲ್ಲ ನನಗೆ!"

ಹುಟ್ಟಿದಾಗಿನಿಂದ ಕೂಗಿ ಜಗಳವಾಡದ ಅಕ್ಕ ಅವತ್ತು ಗಂಟಲು ಹರಿಯುವಂತೆ ಕೂಗಬೇಕಾಯಿತು. ಎದುರುಮನೆಯ ಕಿಟಕಿ ತೆರೆದುಕೊಂಡಿತು.

"ಅವನ ಸೊಕ್ಕು ಮುರೀತೀನಿ ಕಣೇ!"

"ಅವನು ಯಾರೋ ಏನೋ. ಗುರುತಿಲ್ಲದವನ ಮೇಲೆ ನನಗೇನು ಸಿಟ್ಟು? ನನ್ನ ಅಲ್ಲಿಗೆ ಕರ್ಕೊಂಡು ಹೋದೋಳು ನೀನು!"

"ನಿನಗೆ ಔಷಧಿ ಹುಡುಕೋಕೆ ತಾನೇ?"

"ಸಿಕ್ತಾ?"

"ಇನ್ನೂ ಇಲ್ಲ."

"ನನಗೆ ಕಿವಿ, ಕಾಲು ಇರೋ ಹೊತ್ತಿಗೆ ಸಿಗುತ್ತಾ?"

ಅಕ್ಕ ಎಷ್ಟು ಬೇಕಾದರೂ ಕೂಗಿಯಾಳು, ಸುಳ್ಳು ಹೇಳಲಾರಳು.

"ಹಾಗಾದ್ರೆ ಅಲ್ಲಿ ನನ್ನದು ಏನೇನಿದ್ಯೋ, ರಕ್ತ, ಚರ್ಮ, ಅದರಿಂದ ಬೆಳೆಸಿರೋದು, ಎಲ್ಲಾ ಎಸೆದುಬಿಡು. ಒಂದು ಚೂರೂ ಉಳೀಬಾರದು."

ಅಕ್ಕನ ಬಾಯಿಂದ ಇದನ್ನು ಕೇಳಿದ ನಿರ್ದೇಶಕ ಕುರ್ಚಿಯಿಂದ ಎದ್ದೇ ಬಿಟ್ಟ. "ಅವು ಸಂಸ್ಥೆಯ ಆಸ್ತಿ ಮೇಡಂ! ಅವರು ಸಿಟ್ಟಲ್ಲಿ ಹೇಳಿರ್ತಾರೆ. ತಣ್ಣಗಾದ ಮೇಲೆ ಇನ್ನೊಂದು ಸಲ ಕೇಳಿ."

"ಸಿಟ್ಟಲ್ಲಿ ಹೇಳಿದ್ರೆ ಹೇಳಿದ ಹಾಗಲ್ವಾ? ಕೊಟ್ಟವರು ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು ಅಂತ ನಿಯಮ ಬರೆದಿರೋದು ನೀವೇ."

ಅಕ್ಕನಿಗೆ ತಾನು ಕಳೆದುಕೊಳ್ಳುವುದು ಏನೆಂದು ನಿರ್ದೇಶಕನಿಗಿಂತ ಚೆನ್ನಾಗಿ ಗೊತ್ತಿತ್ತು. ಕೆಟ್ಟ ಕಿಣ್ವವನ್ನು ಸರಿಮಾಡಲಾಗದಿದ್ದರೆ, ಆ ಕೊಬ್ಬಿನ ತುಣುಕನ್ನು ತಯಾರಿಸುವ ಇನ್ನೊಂದು ಕಿಣ್ವವನ್ನೇ ತಡೆದರೆ ಹೇಗೆ ಎಂದು ಅವಳು ಹಟ ಹಿಡಿದು ಒಂದು ರಾಸಾಯನಿಕ ಹುಡುಕಿದ್ದಳು. ಈಚೆಗಷ್ಟೇ ಅದನ್ನು ತಂಗಿಯ ನರಕೋಶಗಳಿಗೆ ಹಾಕಿದ್ದರು. ತುಣುಕುಗಳ ರಾಶಿ ಮೊದಲ ಬಾರಿಗೆ ಕರಗತೊಡಗಿತ್ತು. ಒಂದೇ ಸಲದ ಫಲಿತಾಂಶ; ನಂಬಬೇಕಾದರೆ ಮತ್ತೆ ಮತ್ತೆ ಮಾಡಬೇಕಿತ್ತು. ತಂಗಿಗೆ ಅವಳು ಅದನ್ನು ಹೇಳಿರಲಿಲ್ಲ. ಹೇಳಿದ್ದರೆ ಆಸೆ ತೋರಿಸಿ ಕಟ್ಟಿಹಾಕಿದಂತಾಗುತ್ತಿತ್ತು.

ಊಟದ ಹೊತ್ತು ಕಳೆದ ಮೇಲೆ ಅವಳು ಲ್ಯಾಬಿಗೆ ಬಂದು ಕೈಗವಸು ತೊಟ್ಟಳು. ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆಗಳನ್ನು ಹೊರತೆಗೆದು ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಕೋಶಗಳು ಒಂದಕ್ಕೊಂದು ಎಳೆ ಚಾಚಿ ಸೊಂಪಾಗಿ ಹಬ್ಬಿದ್ದವು. ಇವಕ್ಕೇನು ಧಾಡಿ, ಇಷ್ಟು ಚೆನ್ನಾಗಿವೆ ಎಂದು ಅವಕ್ಕೂ ಬೈದುಕೊಂಡಳು. ಆಮೇಲೆ ಬ್ಲೀಚು ಸುರಿದಳು. ಗುಲಾಬಿ ಬಣ್ಣದ ದ್ರವ ಬಿಳಿಚಿಕೊಂಡಿತು. ಹೆಪ್ಪುಗಟ್ಟಿಸಿ ಇಟ್ಟಿದ್ದ ಸೀಸೆಗಳನ್ನೂ ಹೊರಗೆ ತೆಗೆದಳು.

ಈ ಕೋಶಗಳ ಮೇಲೇ ಪದವಿಯ ಆಸೆ ಇಟ್ಟುಕೊಂಡಿದ್ದ ಹಿರಿಯ ವಿದ್ಯಾರ್ಥಿನಿ ಮೂಗೊರೆಸಿಕೊಳ್ಳುತ್ತಾ, "ಮೇಡಂ, ಒಂದೇ ಒಂದು ಸೀಸೆ ಇಟ್ಕೊಳ್ಳೋಣ. ಯಾರಿಗೂ ಗೊತ್ತಾಗಲ್ಲ," ಎಂದಳು.

"ಯಾರಿಗೂ ಗೊತ್ತಾಗಲ್ಲ ಅಂತಲೇ ಕಣಮ್ಮಾ ಇಷ್ಟೆಲ್ಲ ಆಗಿದ್ದು."

ಆಮೇಲೆ ವಿಡಿಯೋದ ಬಗ್ಗೆಯೂ ಕೋಶಗಳ ಬಗ್ಗೆಯೂ ವಿಚಾರಣೆ ನಡೆಯಿತು. ನಿರ್ದೇಶಕನಿಗೆ 'ಇನ್ನು ಮುಂದೆ ಎಚ್ಚರವಿರಲಿ' ಎಂಬ ಬುದ್ಧಿಮಾತು ಸಿಕ್ಕಿತು. ಅಕ್ಕನಿಗೆ ಕಾರಿಡಾರಿನ ಕೊನೆಯ, ಇಲಿಗಳ ವಾಸನೆ ಹೊಡೆಯುವ ಕಿರಿದಾದ ಕೋಣೆ ಸಿಕ್ಕಿತು. ಎದುರು ಸಿಕ್ಕಾಗಲೆಲ್ಲ ಅವನು ಏನೂ ಆಗಿಲ್ಲವೆಂಬಂತೆ ನಮಸ್ಕಾರ ಹೇಳುತ್ತಿದ್ದ. ಅಕ್ಕನ ರಕ್ತ ಕುದಿಯುತ್ತಿತ್ತು. ವಿದ್ಯಾರ್ಥಿನಿಗೆ ಬೇರೆ ವಿಷಯ ಹುಡುಕಿಕೊಟ್ಟು, ಅವಳ ಜೊತೆ ಕೂತು ಮೊದಲಿನಿಂದ ಶುರುಮಾಡಿದಳು.

ತಂಗಿಯ ಜಗಳವನ್ನು ತಂಗಿಯೇ ಆಡಿದಳು. ಮನೆಯಲ್ಲಿ ಕೂತು ಬೇಸತ್ತವಳು ಒಂದು ದಿನ ಕೋಲು ಹಿಡಿದು ಶಾಲೆಯ ಮೈದಾನಕ್ಕೇ ನಡೆದಳು. "ನನ್ನ ಥರ ನಡೆಯೋಕೆ ಯಾರ್ಯಾರಿಗೆ ಬರುತ್ತೆ? ಬನ್ನಿ ಮುಂದೆ," ಎಂದಳು. ಬಂದ ಶೂರರನ್ನೆಲ್ಲ ಅದೇ ನಡಿಗೆಯಲ್ಲಿ ಮೈದಾನ ಸುತ್ತಿಸಿದಳು. ಸ್ವಲ್ಪ ಹೊತ್ತಿಗೆ ಅವರ ತೊಡೆ ನಡುಗತೊಡಗಿತು, ಒಬ್ಬಳು ಅಳತೊಡಗಿದಳು. "ನನಗೆ ದಿನವಿಡೀ ಹೀಗೇ," ಎಂದಳು ತಂಗಿ. ಮುಖ್ಯೋಪಾಧ್ಯಾಯಿನಿ ಮೇಲಿನಿಂದ ನೋಡುತ್ತಿದ್ದಳು. ಮಾರನೆಯ ದಿನ ತಂಗಿ ಕೆಲಸಕ್ಕೆ ಬಂದಾಗ ಬೇಡ ಎನ್ನುವ ಧೈರ್ಯ ಅವಳಿಗೆ ಬರಲಿಲ್ಲ.

ಅದಾದ ಮೇಲೆ ತಂಗಿ ಅಕ್ಕನ ಹೊಸ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು. "ನಿಜವಾಗ್ಲೂ ಎಲ್ಲಾ ಎಸೆದುಬಿಟ್ಯಾ?"

"ನೀನೇ ಹೇಳಿದ್ದಲ್ವೇನೇ!"

"ಒಂದಾದ್ರೂ ಬಚ್ಚಿಟ್ಟಿರ್ತೀಯ ಅಂದ್ಕೊಂಡಿದ್ದೆ."

ಅಕ್ಕನ ಮೈ ಉರಿದುಹೋಯಿತು. ಅಷ್ಟು ದಿನ ಬಾಯಿ ಬಿಡದೆ ಇಟ್ಟುಕೊಂಡಿದ್ದನ್ನೆಲ್ಲ ಅವತ್ತು ಕಾರಿಕೊಂಡಳು: ಕರಗತೊಡಗಿದ್ದ ರಾಶಿ, ಒಂದೇ ಸಲದ ಫಲಿತಾಂಶ, ಸುರಿದ ಬ್ಲೀಚು. ತಂಗಿ ಅಕ್ಕನ ತುಟಿಗಳನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಹೇಳಿದಳು: "ಇನ್ನೊಂದು ತೋಳಿದೆ, ಕೊಡ್ತೀನಿ. ಆದರೆ ಈ ಕಟ್ಟಡಕ್ಕೆ ಕೊಡಲ್ಲ. ಅವನು ಇವತ್ತಿನವರೆಗೂ ನನ್ನ ಮನೆ ಬಾಗಿಲಿಗೆ ಬಂದಿಲ್ಲ. ಇದೇ ಕೆಲಸ ಮಾಡೋರು ಇನ್ಯಾರೂ ಇಲ್ವಾ?"

ಇದ್ದರು. ಅಕ್ಕ ಬರೆಯಬೇಕೆಂದಿದ್ದುದನ್ನು ಪ್ರತಿಸಲವೂ ಒಂದು ಹೆಜ್ಜೆ ಮುಂಚೆ ಪ್ರಕಟಿಸಿ ಅವಳ ಹೊಟ್ಟೆ ಉರಿಸುತ್ತಿದ್ದ ಒಬ್ಬ ಪ್ರೊಫೆಸರ್, ಬೇರೆ ಊರಿನಲ್ಲಿ. ಅಕ್ಕ ಅವನಿಗೆ ಫೋನು ಮಾಡಿದಳು. ತಂಗಿ ಚರ್ಮ ಕೊಡುತ್ತಾಳೆ, ಆದರೆ ಅವಳು ಏನೇನು ಕೇಳುತ್ತಾಳೋ ಅದಕ್ಕೆಲ್ಲ ಎದುರು ಕೂತು ಉತ್ತರ ಕೊಡಬೇಕು, ವಿಡಿಯೋ ತೆಗೆಯಕೂಡದು ಎಂದಳು. ಅವನು ಒಪ್ಪಿದ. ಆಮೇಲೆ ಅಕ್ಕ ಆ ರಾಸಾಯನಿಕದ ಗುಟ್ಟನ್ನೂ, ಅದನ್ನು ಎಷ್ಟು ಹಾಕಬೇಕೆಂಬುದನ್ನೂ ಒಂದೂ ಬಿಡದೆ ಅವನಿಗೆ ಹೇಳಿಕೊಟ್ಟಳು. ಕೇಳುತ್ತಾ ಕೇಳುತ್ತಾ ಆ ಕಡೆ ಅವನ ಉಸಿರು ಬಿರುಸಾದದ್ದು ಅವಳಿಗೆ ಗೊತ್ತಾಯಿತು.

"ಇಷ್ಟೆಲ್ಲ ಯಾಕೆ ಕೊಡ್ತಿದ್ದೀರಿ ಮೇಡಂ?" ಎಂದ ಪ್ರೊಫೆಸರ್.

"ನಿಮ್ಮ ಮೇಲಿನ ಪ್ರೀತಿಗಲ್ಲ," ಎಂದು ಅಕ್ಕ ಫೋನು ಕುಕ್ಕಿದಳು.